ಹೆಸರು, ವಾರ, ಊರು

ನನಗೆ ಸಿಟ್ಟು ಬರುವಂತಿಲ್ಲ. ಬಂದರೆ ಸೂಜಿ.

ನಿಮಗೆ ಸಿಟ್ಟು ಬಂದರೆ ಸಿಟ್ಟು ಅನ್ನುತ್ತಾರೆ. ನನಗೆ ಬಂದರೆ ಕಾಯಿಲೆ ತಿರುಗಿ ಬಂತು ಅನ್ನುತ್ತಾರೆ. ಸಾರಿಗೆ ಉಪ್ಪಿಲ್ಲ ಎಂದರೆ ಕಾಯಿಲೆ. ಹೊದಿಕೆ ಒದ್ದೆಯಾಗಿದೆ ಎಂದರೆ ಕಾಯಿಲೆ. ಮಗಳನ್ನು ಒಮ್ಮೆ ತೋರಿಸಿ ಎಂದು ಅತ್ತರೆ ದೊಡ್ಡ ಕಾಯಿಲೆ. ಹಾಗಾಗಿ ಆರು ವರ್ಷ ತಲೆ ತಗ್ಗಿಸಿ, ಹೂಂ ಸರ್, ಹೂಂ ಸರ್ ಎನ್ನುತ್ತ ಬದುಕಿದೆ. ಹೆದರಿಕೆಯೊಂದನ್ನೇ ಅವರು ಕಾಯಿಲೆ ಎನ್ನಲಿಲ್ಲ. ಹೆದರಿದವಳಿಗೆ ಹುಷಾರಾಗಿದೆ ಎನ್ನುತ್ತಿದ್ದರು.

ನಾನು ತಾಜುನ್ನಿಸಾ. ವಾಡಿಯವಳು. ಅಬ್ಬಾ ಖಣಿಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಎಬ್ಬಿಸುತ್ತ ಎಬ್ಬಿಸುತ್ತ ಎದೆ ಕೆಟ್ಟು ಸತ್ತ. ಗಂಡ ಸಿಮೆಂಟ್ ಲಾರಿಯ ಜೊತೆ ಹೈದರಾಬಾದಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಮಗಳು ರುಕ್ಸಾರ್ ಹುಟ್ಟಿದ ಮೇಲೆ ನನ್ನ ನಿದ್ದೆ ಹೋಯಿತು. ಗೋಡೆಯೊಳಗಿಂದ ಯಾರೋ ಕರೆದ ಹಾಗೆ ಕೇಳುತ್ತಿತ್ತು. ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡು ರೈಲಿನ ಹಳಿಯ ಕಡೆ ಓಡಿದ್ದೆನಂತೆ. ಕಾಯಿಲೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಗುಳಿಗೆ ತಿಂದು ಹೋಯಿತು, ಅದರಲ್ಲೂ ಸುಳ್ಳಿಲ್ಲ. ಗುಳಿಗೆ ನನ್ನ ವೈರಿಯಲ್ಲ. ಕಾಯಿಲೆ ಹೋಯಿತು, ನಾನು ಮಾತ್ರ ಅಲ್ಲೇ ಉಳಿದೆ.

ಅಣ್ಣ ಕಲೀಮ್ ನನ್ನನ್ನು ತಂದು ಬಿಟ್ಟದ್ದು ಶಹಾಬಾದಿನ ಹೊರಗೆ, ಹಾಳುಬಿದ್ದ ಖಣಿಯೊಂದರ ಮಗ್ಗುಲಲ್ಲಿದ್ದ ಸೆಂಟರಿಗೆ. ಬುದ್ಧಿ ಕೆಟ್ಟವರನ್ನು ನೋಡಿಕೊಳ್ಳುವ ಜಾಗ. ಮೊದಮೊದಲು ಒಳಗೆ ಬಂದು ನೋಡಿದ. ಆಮೇಲೆ ಗೇಟಿನಲ್ಲೇ ನಿಂತು ಮಾತಾಡಿ ಹೋದ. ಆಮೇಲೆ ಬರಲೇ ಇಲ್ಲ. ರುಕ್ಸಾರ್ ಅವನ ಹೆಂಡತಿಯ ಕೈಯಲ್ಲಿ ಬೆಳೆಯುತ್ತಿದ್ದಾಳೆ. ಈಗ ಶಾಲೆಗೆ ಹೋಗುತ್ತಿರಬೇಕು. ಅವಳ ಮಾರಿ ನನಗೆ ಗೊತ್ತಿಲ್ಲ, ಕೂಸಿನ ಮಾರಿ ಮಾತ್ರ ಗೊತ್ತು.

ಸೆಂಟರಿನ ಯಜಮಾನ ಗುರುಲಿಂಗಯ್ಯ. ಡಾಕ್ಟರಲ್ಲ. ಮೊದಲು ಔಷಧದ ಅಂಗಡಿ ಇಟ್ಟಿದ್ದವನು. ಕಲಬುರಗಿಯಿಂದ ಡಾಕ್ಟರರೊಬ್ಬರು ಯಾವಾಗಲೋ ಬರುತ್ತಿದ್ದರು. ಕುರ್ಚಿಯಲ್ಲಿ ಕೂತು ಎಲ್ಲರನ್ನೂ ಒಮ್ಮೆ ಕಣ್ಣಾಡಿಸಿ, ಚಹಾ ಕುಡಿದು ಹೋಗುತ್ತಿದ್ದರು. ಹುಸ್ನಾ ಎಂಬ ನಿಜವಾದ ಸಿಸ್ಟರ್ ಒಬ್ಬಳಿದ್ದಳು, ಸೇಡಂ ಕಡೆಯವಳು. ಗುರುಲಿಂಗಯ್ಯನ ಬಾಯಿ ತಾಳಲಾರದೆ ಬಿಟ್ಟು ಹೋದಳು. ಹೋಗುವ ಮೊದಲು ಸೂಜಿ ಮಾಡುವುದನ್ನು ನನಗೆ ಕಲಿಸಿದಳು. ಅವನಿಗೆ ಅದು ಬರುತ್ತಿರಲಿಲ್ಲ. ಸಿರಿಂಜು ಹಿಡಿದರೆ ಕೈ ನಡುಗುತ್ತಿತ್ತು.

ಗುಣವಾದ ಹೆಂಗಸರಿಗೆ ಅಲ್ಲಿ ಕೆಲಸ. ಚಿತ್ತಾಪುರದ ಚಂದಮ್ಮ ಅಡುಗೆ ಮಾಡುತ್ತಿದ್ದಳು. ಮಿಕ್ಕಿದ್ದೆಲ್ಲ ನನ್ನದು. ಹೇಲು ಉಚ್ಚೆ ಬಳಿಯಬೇಕು. ಪರಸಿ ನೆಲಕ್ಕೆ ಫಿನಾಯಿಲ್ ಹಾಕಿ ಮಂಡಿಯೂರಿ ತಿಕ್ಕಬೇಕು. ನಾರುವ ಬಟ್ಟೆ ಕುಕ್ಕಿ ಒಗೆಯಬೇಕು. ಮಲಗಿದಲ್ಲೇ ಇರುವ ಮುದುಕಿಯರನ್ನು ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗಿ ಹುಳ ಬೀಳುತ್ತದೆ. ತಿನ್ನಲಾರದವರಿಗೆ ಅನ್ನ ಕಿವುಚಿ ಬಾಯಿಗಿಡಬೇಕು. ಗುಳಿಗೆ ಕೊಟ್ಟು, ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ, ನುಂಗಿದ್ದಾರೋ ಇಲ್ಲವೋ ನೋಡಬೇಕು. ಕೈ ಎತ್ತಿದವರನ್ನು ಹಿಡಿದು ಮಲಗಿಸಿ ಸೂಜಿ ಮಾಡಬೇಕು. ಸೂಜಿ ನನ್ನ ಕೈಯಲ್ಲೇ ಇತ್ತು. ಆದರೂ ಸೂಜಿಯ ಹೆದರಿಕೆ ನನ್ನ ಮೈ ಬಿಟ್ಟು ಹೋಗಿರಲಿಲ್ಲ. ಗುರುಲಿಂಗಯ್ಯ ಕೆಮ್ಮಿದರೂ ನನ್ನ ತೊಡೆ ಬಿಗಿಯುತ್ತಿತ್ತು.

ದಿನಾ ಬೆಳಿಗ್ಗೆ ಅಂಗಳದಲ್ಲಿ ಎಲ್ಲರನ್ನೂ ಸಾಲಾಗಿ ಕುಕ್ಕರುಗಾಲಲ್ಲಿ ಕೂರಿಸುತ್ತಿದ್ದ. ತಾನು ಕುರ್ಚಿಯ ಮೇಲೆ. ಒಬ್ಬೊಬ್ಬರಿಗೂ ಮೂರು ಪ್ರಶ್ನೆ. ಹೆಸರು? ವಾರ? ಊರು? ಊರೆಂದರೆ ಹುಟ್ಟಿದ ಊರಲ್ಲ, ಈಗ ಇರುವ ಊರು. ಮೂರನ್ನೂ ಸರಿಯಾಗಿ ಹೇಳಿದವರಿಗೆ ಚಹಾ, ಹೊರಗಿನ ಬಿಸಿಲು. ತಪ್ಪಿದವರನ್ನು ಒಳಗೆ ದಬ್ಬಿ ಬಾಗಿಲು ಹಾಕುತ್ತಿದ್ದ. ಡಾಕ್ಟರರ ಬಾಯಿಂದ ಎಲ್ಲೋ ಕೇಳಿಸಿಕೊಂಡಿದ್ದ ಈ ಪ್ರಶ್ನೆಗಳನ್ನು ಬೆತ್ತ ಮಾಡಿಕೊಂಡಿದ್ದ. ಕ್ಯಾಲೆಂಡರ್ ಇಲ್ಲ, ಟಿವಿ ಇಲ್ಲ, ಪೇಪರ್ ಇಲ್ಲ. ದಿನಾ ಒಂದೇ ಗಂಜಿ, ಒಂದೇ ಗೋಡೆ. ಅಂಥಲ್ಲಿ ಕೂಡಿಹಾಕಿ, ಇವತ್ತು ಯಾವ ವಾರ ಹೇಳು ಎಂದರೆ ಯಾವ ಶಾಣ್ಯಾ ಹೇಳುತ್ತಾನೆ? ಕೇಳಿದವನನ್ನೇ ಎಂಟು ದಿನ ಒಳಗೆ ಹಾಕಿದರೆ ಅವನೂ ಹೇಳಲಾರ.

ನನಗೆ ಒಂದು ದಾರಿಯಿತ್ತು. ಶುಕ್ರವಾರ ಮಧ್ಯಾಹ್ನ ಊರಿನ ಮಸೀದಿಯ ಕಡೆಯಿಂದ ಗಾಳಿಯಲ್ಲಿ ಜುಮ್ಮಾದ ಖುತ್ಬಾ ಕೇಳುತ್ತಿತ್ತು. ಅಲ್ಲಿಂದ ಎಣಿಸಿಕೊಂಡು ಹೋಗುತ್ತಿದ್ದೆ. ಬೆಳಿಗ್ಗೆ ಒಬ್ಬೊಬ್ಬರನ್ನೇ ಎಬ್ಬಿಸಿ ಮಾರಿ ತೊಳೆಯುವಾಗ ಕಿವಿಯ ಹತ್ತಿರ ಬಾಗಿ ಅಂದಿನ ವಾರವನ್ನು ಹೇಳಿಬಿಡುತ್ತಿದ್ದೆ. ಇವತ್ತು ಬುಧವಾರ ಅವ್ವ. ಇವತ್ತು ಬೇಸ್ತವಾರ. ಮರೆಯುವವರಿಗೆ ಎರಡೆರಡು ಸಲ. ಬಾಯಲ್ಲಿ ವಾರ ಇಟ್ಟುಕೊಂಡೇ ಅವರು ಅಂಗಳಕ್ಕೆ ಹೋಗುತ್ತಿದ್ದರು. ಎಲ್ಲರೂ ಸರಿ ಹೇಳಿದರೆ ಗುರುಲಿಂಗಯ್ಯ ತನ್ನ ಸೆಂಟರಿನ ಬಗ್ಗೆ ತಾನೇ ಹಿಗ್ಗುತ್ತಿದ್ದ. ಹಿಗ್ಗಲಿ ಬಿಡು, ಬಿಸಿಲಾದರೂ ಸಿಕ್ಕಿತಲ್ಲ ಎಂದುಕೊಳ್ಳುತ್ತಿದ್ದೆ.

ಅಂಬುಬಾಯಿ ಬಂದದ್ದು ಚಿಂಚೋಳಿ ಕಡೆಯ ಲಂಬಾಣಿ ತಾಂಡಾದಿಂದ. ಇನ್ನೂ ಸಣ್ಣ ಹುಡುಗಿ, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಗಂಡನ ಮನೆಯವರು ಜೀಪಿನಲ್ಲಿ ತಂದು ಇಳಿಸಿದರು. ಮಾತಾಡುತ್ತಿರಲಿಲ್ಲ, ಉಣ್ಣುತ್ತಿರಲಿಲ್ಲ, ಮೂಲೆ ಹಿಡಿದು ಕೂರುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ತುತ್ತು ಹಿಡಿದುಕೊಂಡೇ ಇರುತ್ತಿದ್ದೆ, ಬಾಯಿ ತೆಗೆದಾಗ ಇಡುತ್ತಿದ್ದೆ. ಕೈ ಸೋತು ಹೋಗುತ್ತಿತ್ತು. ದಿನ ಕಳೆದಂತೆ ತಾನೇ ಕೈ ಚಾಚಿ ರೊಟ್ಟಿ ಮುರಿದಳು. ನನ್ನನ್ನು ತಾಜಕ್ಕ ಎಂದಳು. ಅವಳಿಗೆ ಮಂಡಿಯವರೆಗೆ ಕೂದಲು. ನಾನು ಬಾಚುವಾಗ ಕಣ್ಣು ಮುಚ್ಚಿಕೊಂಡು ತನ್ನ ಮಾತಿನಲ್ಲಿ ಏನೋ ಗುನುಗುತ್ತಿದ್ದಳು.

ಸೆಂಟರಿನಲ್ಲಿ ಹೆಂಗಸರ ತಲೆ ಬೋಳಿಸುವುದು ರೂಢಿ. ಹೇನು ಎಂದು ನೆಪ. ಹೇನಿಗೆ ಎಣ್ಣೆ ಬೇಕು, ಬಾಚಣಿಗೆ ಬೇಕು, ಬಾಚುವ ಕೈ ಬೇಕು. ಬೋಳಿಸಿದರೆ ಎಲ್ಲ ಸಲೀಸು. ಕೆಲಸ ಮಾಡುವ ನಮ್ಮಿಬ್ಬರಿಗೆ ಮಾತ್ರ ಕೂದಲು ಬಿಟ್ಟಿದ್ದ. ಅದೂ ಅವನ ದಯೆ ಎಂದು ನಾವು ನೆನಪಿಟ್ಟುಕೊಂಡಿರಬೇಕಿತ್ತು. ಅಂಬುಬಾಯಿಯ ಸರದಿ ಬಂದ ದಿನ ಕತ್ತರಿ ಹಿಡಿದು ಗುರುಲಿಂಗಯ್ಯನೇ ಬಂದ. ಅಂಬುಬಾಯಿ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಳು. ಅವನು ಜುಟ್ಟು ಹಿಡಿದು ಎಳೆದ. ಅವಳು ಅವನ ಮುಂಗೈಯನ್ನು ಕಚ್ಚಿ ಹಿಡಿದಳು. ರಕ್ತ ಬಂದರೂ ಬಿಡಲಿಲ್ಲ. ಅವನು ತಲೆ ಬೋಳಿಸಿದ. ಹೊಡೆದ. ಹಿಂದಿನ ಕೋಣೆಗೆ ದಬ್ಬಿ, ಸರಪಳಿಯಿಂದ ಕಿಟಕಿಯ ಸರಳಿಗೆ ಕಟ್ಟಿದ. ಅವತ್ತು ಶುಕ್ರವಾರ. ಅವಳ ಕಿವಿಯಲ್ಲಿ ನಾನು ಹೇಳಿದ ಕೊನೆಯ ವಾರ ಅದು.

ಅವತ್ತಿನಿಂದ ಅವಳೊಂದಿಗೆ ಮಾತು ಬಂದ್. ನಾನು ಗಂಜಿ ಇಟ್ಟು, ಬಕೆಟ್ ತೆಗೆದು ಬರುವಷ್ಟು ಹೊತ್ತು ಗುರುಲಿಂಗಯ್ಯ ಬಾಗಿಲಲ್ಲಿ ನಿಂತಿರುತ್ತಿದ್ದ. ಮಾತಾಡಿದರೆ ನಿನಗೂ ಇಲ್ಲೇ ಜಾಗ ಎನ್ನುತ್ತಿದ್ದ. ನಾನು ಮಾತಾಡಲಿಲ್ಲ. ಸೂಜಿ ಮಾಡು ಎಂದಾಗ ಮಾಡಿದೆ. ಒಮ್ಮೆ ಅವನು ಹೇಳಿದಷ್ಟು ಹಾಕಿದ್ದಕ್ಕೆ ಅವಳು ಎರಡು ದಿನ ಕಣ್ಣು ತೆರೆಯಲಿಲ್ಲ. ಉಚ್ಚೆ ಹೋಗಲಿಲ್ಲ. ತುಟಿ ಸೀಳಿತ್ತು. ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ಹುಡುಕಿದೆ. ಯಾ ಅಲ್ಲಾ, ಇವಳು ಸತ್ತರೆ ಕೊಂದ ಕೈ ನನ್ನದೇ ಎಂದುಕೊಂಡೆ.

ತಪಾಸಣೆ ಬರುತ್ತದೆಂದು ತಿಳಿದದ್ದು ಆಮೇಲೆ. ಜಿಲ್ಲೆಯಿಂದ ಮೂವರು ಬರುತ್ತಾರಂತೆ, ಒಬ್ಬರು ಲೇಡಿ ಡಾಕ್ಟರಂತೆ. ಸೆಂಟರ್ ಅಂದಮೇಲೆ ಸಿಸ್ಟರ್ ಇರಲೇಬೇಕು. ಇರಲಿಲ್ಲ. ಗುರುಲಿಂಗಯ್ಯ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಹುಸ್ನಾ ಬಿಟ್ಟು ಹೋಗಿದ್ದ ಬಿಳಿ ಕೋಟು ತಂದು ನನ್ನ ಕೈಗೆ ಕೊಟ್ಟ.

"ಇದೊಂದು ದಿನ ನೀ ಸಿಸ್ಟರ್. ನೆಟ್ಟಗ ನಡೀತು ಅಂದ್ರ ಅವತ್ತೇ ನಿಮ್ಮಣ್ಣಗ ಫೋನ್ ಮಾಡಿ ಮನಿಗಿ ಕಳಸ್ತೀನಿ. ಮಗಳ ಮಾರಿ ನೋಡ್ತಿ. ಬಾಯಿ ಬಿಟ್ಟಿ ಅಂದ್ರ ಅಂಬುಬಾಯಿ ಬಾಜೂಕ ಜಾಗಾ ಅದ," ಎಂದ.

ನಾನು ಹೂಂ ಸರ್ ಎಂದೆ. ಬೇರೆ ಏನನ್ನಲಿ? ಅಂದಿನಿಂದ ಕಣ್ಣು ಮುಚ್ಚಿದರೆ ರುಕ್ಸಾರ್. ಎರಡು ಜಡೆ ಹಾಕಿಕೊಂಡಿರುತ್ತಾಳೋ, ಒಂದೋ? ನನ್ನನ್ನು ಕಂಡರೆ ಮಾಮಿಯ ಸೆರಗಿನ ಹಿಂದೆ ಅಡಗುತ್ತಾಳೋ? ಅಡಗಲಿ. ಅಡಗಿದ್ದನ್ನಾದರೂ ನೋಡುತ್ತೇನಲ್ಲ.

ತಪಾಸಣೆಯ ಮಂಗಳವಾರ ಬಂತು. ಬೆಳಿಗ್ಗೆಯೇ ಗುರುಲಿಂಗಯ್ಯ ಹಿಂದಿನ ಕೋಣೆಗೆ ಕರೆದೊಯ್ದ. ಅವಳು ಕೂಗದಂತೆ ಗಟ್ಟಿಯಾಗಿ ಸೂಜಿ ಮಾಡು, ಸಂಜೆತನಕ ಏಳಬಾರದು ಎಂದ. ಸಿರಿಂಜಿಗೆ ಎರಡು ಪಟ್ಟು ಔಷಧ ಎಳೆದುಕೊಂಡೆ. ಅಂಬುಬಾಯಿ ನನ್ನನ್ನು ನೋಡುತ್ತಿದ್ದಳು. ಕೈ ಹಿಡಿದೆ. ಎಲುಬಿಗೆ ತೊಗಲು ಅಂಟಿತ್ತು. ಈ ಮೈಗೆ ಇಷ್ಟು ಹೋದರೆ ಇವಳು ಏಳುವುದಿಲ್ಲ, ಸಂಜೆಗೂ ಏಳುವುದಿಲ್ಲ, ನಾಳೆಗೂ ಏಳುವುದಿಲ್ಲ. ಅಷ್ಟರಲ್ಲಿ ಅವನ ಫೋನ್ ಬಂತು. ಬಾಗಿಲ ಕಡೆ ತಿರುಗಿ ಮಾತಾಡತೊಡಗಿದ. ನಾನು ಸೂಜಿಯನ್ನು ಹಾಸಿಗೆಗೆ ಚುಚ್ಚಿ ಔಷಧವನ್ನೆಲ್ಲ ಅದರೊಳಗಿನ ಹತ್ತಿಗೆ ಕುಡಿಸಿದೆ. ಅವಳ ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದೆ. ಕೂಗಬೇಡವ್ವ ಎಂದಷ್ಟೇ ತುಟಿಯಲ್ಲಿ ಹೇಳಿದೆ.

ಹೊರಗೆ ಬಂದೆ. ಏನು ಮಾಡಿಬಿಟ್ಟೆ? ಈಗವಳು ಒಂದು ಸಲ ಕೂಗಿದರೆ ಮುಗಿಯಿತು, ರುಕ್ಸಾರಿಲ್ಲ, ಮನೆಯಿಲ್ಲ, ನನಗೂ ಸರಪಳಿ. ಗುರುಲಿಂಗಯ್ಯ ಬಾಗಿಲಿಗೆ ಬೀಗ ಜಡಿದು, ಅಕ್ಕಿ ಚೀಲಗಳನ್ನು ಅಡ್ಡ ಒಟ್ಟಿಸಿ, ಮೇಲೆ ಸಾಮಾನು ಕೋಣೆ ಎಂದು ಚೀಟಿ ಅಂಟಿಸಿದ. ಕೊನೆಗೆ ಚಾವಿಯ ಗೊಂಚಲನ್ನು ನನ್ನ ಕೋಟಿನ ಜೇಬಿನಲ್ಲಿ ತಾನೇ ಇಟ್ಟ. ಚಾವಿ ಇದ್ದರೆ ಸಿಸ್ಟರ್ ಅಂತ ನಂಬುತ್ತಾರೆ ಎಂದು ನಕ್ಕ. ಹಿಂದಿನ ಕೋಣೆಯ ಚಾವಿಯೂ ಅದರಲ್ಲೇ ಇತ್ತು. ತೆಗೆಯಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. ನನ್ನ ಹೆದರಿಕೆಯ ಮೇಲೆ ಅಷ್ಟು ಭರವಸೆ ಅವನಿಗೆ.

ಹನ್ನೊಂದರ ಹೊತ್ತಿಗೆ ಜೀಪು ಬಂತು. ಇಬ್ಬರು ಗಂಡಸರು ಆಫೀಸಿನೊಳಗೆ ಕಾಗದ ನೋಡಲು ಕೂತರು. ಲೇಡಿ ಡಾಕ್ಟರ್ ಹೆಂಗಸರ ಕಡೆ ಬಂದರು. ಚಿಕ್ಕ ವಯಸ್ಸು, ಚಪ್ಪಲಿಯ ಮೇಲೆ ಸಿಮೆಂಟಿನ ಧೂಳು. ಒಬ್ಬೊಬ್ಬರನ್ನೂ ಮಾತಾಡಿಸಿದರು. ನಾನು ತೊಳೆದ ನೆಲ, ನಾನು ಒಗೆದ ಚಾದರ, ನಾನು ಉಗುರು ಕತ್ತರಿಸಿದ ಕೈಗಳು. ಎಲ್ಲರ ತಲೆಗೂ ಬಟ್ಟೆ ಕಟ್ಟಿಸಿದ್ದ ಗುರುಲಿಂಗಯ್ಯ, ಬಿಸಿಲು ಭಾಳ ಅದ ಮೇಡಂ ಎನ್ನುತ್ತಿದ್ದ. ನನ್ನ ಕಿವಿಯೆಲ್ಲ ಹಿಂದಿನ ಕೋಣೆಯ ಮೇಲೆ. ಕೂಗುತ್ತಾಳೆ, ಈಗ ಕೂಗುತ್ತಾಳೆ. ಅವಳು ಕೂಗಲಿಲ್ಲ. ನಾನು ಕೂಗಬೇಡ ಎಂದದ್ದಕ್ಕೆ ಕೂಗಲಿಲ್ಲ.

ಡಾಕ್ಟರ್ ನನ್ನ ಕಡೆ ತಿರುಗಿದರು. "ಸಿಸ್ಟರ್, ನಿಮ್ಮ ಹೆಸರೇನ್ರಿ?" ಎಂದು ಕೇಳಿದರು.

"ತಾಜುನ್ನಿಸಾ. ಮಂಗಳವಾರ. ಶಹಾಬಾದ್," ಎಂದೆ.

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ಆರು ವರ್ಷದಲ್ಲಿ ನನ್ನ ಹೆಸರನ್ನು ಹೆಸರಿಗಾಗಿ ಯಾರೂ ಕೇಳಿರಲಿಲ್ಲ. ಹೆಸರು ಕೇಳಿದರೆ ಮೂರನ್ನೂ ಒಪ್ಪಿಸಬೇಕು, ಇಲ್ಲದಿದ್ದರೆ ಬಾಗಿಲು ಬೀಳುತ್ತದೆ. ನಾಲಿಗೆಗೆ ಅದೇ ಅಭ್ಯಾಸ. ಡಾಕ್ಟರರ ಪೆನ್ನು ನಿಂತಿತು. ನನ್ನ ಮುಖವನ್ನು, ಕೋಟನ್ನು, ಮತ್ತೆ ಮುಖವನ್ನು ನೋಡಿದರು.

ಗುರುಲಿಂಗಯ್ಯ ದೊಡ್ಡದಾಗಿ ನಕ್ಕ. ದಿನಾ ಪೇಶಂಟರಿಗೆ ಇದನ್ನೇ ಕೇಳಿ ಕೇಳಿ ಸಿಸ್ಟರಿಗೂ ಅದೇ ಬಾಯಿಪಾಠ ಆಗಿದೆ ಎಂದ. ಬೆವರುತ್ತಿದ್ದರೂ ಚೆನ್ನಾಗಿ ನಕ್ಕ. ಡಾಕ್ಟರರೂ ಸ್ವಲ್ಪ ನಕ್ಕರು. ಮುಗಿಯಿತು. ನಾನು ಬಚಾವಾದೆ. ಚಂದಮ್ಮ ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಜೀಪಿನ ಡ್ರೈವರ್ ಗಾಡಿ ತಿರುಗಿಸುತ್ತಿದ್ದ. ಇನ್ನು ಅವರು ಹೋಗುತ್ತಾರೆ, ಇವನು ಫೋನ್ ಮಾಡುತ್ತಾನೆ, ಅಣ್ಣ ಬರುತ್ತಾನೆ. ವಾಡಿ ಎಷ್ಟು ದೂರ? ಅಲ್ಲಿಯ ರೈಲಿನ ಕೂಗು ಇಲ್ಲಿಗೇ ಕೇಳುತ್ತದೆ.

ಹೋಗುವ ಮುನ್ನ ಡಾಕ್ಟರ್ ನನ್ನ ಭುಜ ಮುಟ್ಟಿದರು. "ಭಾಳ ಚೊಲೋ ನೋಡ್ಕೊಂಡೀರಿ ಸಿಸ್ಟರ್," ಎಂದರು.

ಆ ಮಾತಿಗೆ ನನಗೆ ಸಿಟ್ಟು ಬಂತು. ಆರು ವರ್ಷ ಹಲ್ಲು ಕಚ್ಚಿ ನುಂಗಿದ ಸಿಟ್ಟು. ಹೇಲು ಬಳಿದದ್ದು ನಾನು, ಹುಣ್ಣು ತೊಳೆದದ್ದು ನಾನು. ಒಳ್ಳೆಯ ಮಾತು ಬಂದದ್ದು ಮಾತ್ರ ಕೋಟಿಗೆ. ಈ ಒಳ್ಳೆಯ ಮಾತಿನ ಹಿಂದೆ, ಅಕ್ಕಿ ಚೀಲದ ಹಿಂದೆ, ನಾನು ಹೇಳಿದ ಒಂದು ಮಾತಿಗೆ ತುಟಿ ಬಿಗಿಹಿಡಿದು ಒಬ್ಬಳು ಕೂತಿದ್ದಾಳೆ. ನಾನು ಮನೆಗೆ ಹೋದ ಮೇಲೆ ಅವಳ ಮೂಗಿನ ಹತ್ತಿರ ಬೆರಳು ಹಿಡಿಯುವವರು ಯಾರು? ಹೆದರಿಕೆ ಹೋಗಿರಲಿಲ್ಲ. ಹೆದರಿಕೊಂಡೇ ಹೇಳಿದೆ.

"ನಾ ಸಿಸ್ಟರ್ ಅಲ್ರಿ. ನಾನೂ ಪೇಶಂಟ್ ಇದ್ದೀನಿ. ಹಿಂದಿನ ಖೋಲಿದಾಗ ಇನ್ನೊಬ್ಬಾಕಿ ಇದ್ದಾಳ. ಸರಪಳಿ ಹಾಕ್ಯಾರ. ಬಂದು ನೋಡ್ರಿ."

ಗುರುಲಿಂಗಯ್ಯನ ಮಾರಿ ಕಪ್ಪಿಟ್ಟಿತು. ಇವಳ ಮಾತು ನಂಬಬೇಡಿ, ಇವಳಿಗೆ ತಲೆ ಸರಿಯಿಲ್ಲ, ಆರು ವರ್ಷದ ಕೇಸು, ಸಿಟ್ಟು ಬಂದರೆ ಹೀಗೇ ಬಡಬಡಿಸುತ್ತಾಳೆ ಎಂದ. ಈಗಷ್ಟೇ ಸಿಸ್ಟರ್ ಎಂದ ಬಾಯಿ. ನನ್ನ ಕಡೆ ಬೆರಳು ಚಾಚಿ, ದಿನಾ ಕೂಗುವ ಅದೇ ದನಿಯಲ್ಲಿ ಕೂಗಿದ.

"ಏ ತಾಜಬೀ, ಸೂಜಿ ತಗೊಂಡು ಬಾ!"

ನಾನು ಎರಡು ಹೆಜ್ಜೆ ಔಷಧದ ಕಪಾಟಿನ ಕಡೆ ಇಟ್ಟೇಬಿಟ್ಟೆ. ನಿಜ ಹೇಳುತ್ತೇನೆ, ಕಾಲು ತಾನೇ ನಡೆಯಿತು. ಆಮೇಲೆ ನಿಂತೆ.

ಡಾಕ್ಟರ್ ಅವನನ್ನೇ ನೋಡುತ್ತಿದ್ದರು. "ಸೂಜಿ ಯಾರಿಗ್ರೀ?" ಎಂದು ಕೇಳಿದರು.

"ಈಕಿಗೇ ಮೇಡಂ."

"ಮಾಡವ್ರು ಯಾರು?"

ಅವನು ನನ್ನನ್ನು ನೋಡಿದ, ತನ್ನ ಕೈಗಳನ್ನು ನೋಡಿಕೊಂಡ. ಆ ಕಟ್ಟಡದಲ್ಲಿ ಸೂಜಿ ಮಾಡುವವಳು ನಾನೊಬ್ಬಳೇ. ಹಿಡಿದು ಮಲಗಿಸುವವಳೂ ನಾನೇ. ಇಷ್ಟು ದಿನ ಯಾವ ಸೂಜಿಗೆ ಹೆದರಿ ಸತ್ತೆನೋ ಅದನ್ನು ನನಗೆ ಚುಚ್ಚಲು ಅಲ್ಲಿ ಬೇರೆ ಕೈಯೇ ಇರಲಿಲ್ಲ. ನನಗೆ ನಗು ಬರಬೇಕಿತ್ತು. ಅಳು ಬಂತು.

ತಟ್ಟೆಯನ್ನು ಠಣ್ಣೆಂದು ಕೆಳಗಿಟ್ಟ ಸದ್ದಾಯಿತು. ಚಂದಮ್ಮ. ನಾಲ್ಕು ಜನರ ಎದುರು ಎಂದೂ ತುಟಿ ಬಿಚ್ಚದವಳು. ಈಗಲೂ ಬಿಚ್ಚಲಿಲ್ಲ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನ ಬಾಗಿಲಿಗೆ ಹೋಗಿ ಮೊದಲ ಚೀಲದ ಕಿವಿ ಹಿಡಿದು ಎಳೆದಳು. ನಾನೂ ಹೋಗಿ ಹಿಡಿದೆ. ಗುರುಲಿಂಗಯ್ಯ ಫೋನ್ ಕಿವಿಗಿಟ್ಟುಕೊಂಡು ಗೇಟಿನ ಕಡೆ ನಡೆಯುತ್ತ ಯಾರ್ಯಾರದೋ ಹೆಸರು ಹೇಳಿ ನನ್ನನ್ನು ಹೆದರಿಸುತ್ತಿದ್ದ. ಹೆದರಿದೆ. ನಾಳೆ ಇವನು ನನ್ನನ್ನು ಏನು ಮಾಡುತ್ತಾನೋ, ಅಣ್ಣನಿಗೆ ಏನು ಹೇಳುತ್ತಾನೋ, ರುಕ್ಸಾರಳ ಮಾರಿ ಇನ್ನು ಕಾಣುತ್ತೇನೋ ಇಲ್ಲವೋ. ಹೆದರಿದ ಕೈಯಿಂದಲೇ ಜೇಬಿನ ಚಾವಿ ತೆಗೆದೆ. ಮೂರು ಸಲ ತಪ್ಪಿ ನಾಲ್ಕನೆಯ ಸಲ ಬೀಗಕ್ಕೆ ಹೊಕ್ಕಿತು.

ನಾತ ಮುಖಕ್ಕೆ ಬಡಿಯಿತು. ಡಾಕ್ಟರ್ ಸೆರಗನ್ನು ಮೂಗಿಗೆ ಒತ್ತಿಕೊಂಡು, ಮತ್ತೆ ಬಿಟ್ಟರು. ಅಂಬುಬಾಯಿ ಕಿಟಕಿಯ ಕೆಳಗೆ ಮುದುಡಿ ಕೂತಿದ್ದಳು. ಸರಪಳಿಯ ಕೆಳಗೆ ಮಣಿಕಟ್ಟು ಹಸಿ ಹುಣ್ಣಾಗಿತ್ತು. ಬೆಳಕಿಗೆ ಕಣ್ಣು ಕಿರಿದಾಗಿಸಿದಳು. ಅವಳ ಕಣ್ಣಿಗೆ ಬಾಗಿಲಲ್ಲಿ ಕಂಡದ್ದು ಬಿಳಿ ಕೋಟು, ನಾನಲ್ಲ. ಅವಳು ಬಾಯಿ ತೆರೆದಳು. ನಾಲಿಗೆ ಎತ್ತಿ ತೋರಿಸಿದಳು.

ನಾನು ಕೋಟು ಕಿತ್ತೆಸೆದು ಅವಳ ಮುಂದೆ ಕೂತೆ. ಬಾಯಿ ಮುಚ್ಚವ್ವ, ಗುಳಿಗೆ ತಂದಿಲ್ಲ ಎಂದೆ. ಅವಳು ಮುಚ್ಚಲಿಲ್ಲ. ಗದ್ದಕ್ಕೆ ಕೈಕೊಟ್ಟು ನಾನೇ ಮುಚ್ಚಿದೆ.

ಡಾಕ್ಟರ್ ಆ ಒದ್ದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. "ನಿನ್ನ ಹೆಸರೇನವ್ವ?" ಎಂದರು.

"ಅಂಬುಬಾಯಿ," ಎಂದಳು. ದನಿ ಹೊರಡಲಿಲ್ಲ. ಮತ್ತೆ ಹೇಳಿದಳು. "ಅಂಬುಬಾಯಿ. ಶುಕ್ರವಾರ. ಶಹಾಬಾದ್."

ಹೇಳಿ ನನ್ನ ಮಾರಿ ನೋಡಿದಳು, ಸರಿಯೋ ತಪ್ಪೋ ಎಂದು. ನನ್ನ ಕಣ್ಣಲ್ಲಿ ಏನು ಕಂಡಳೋ, ತಪ್ಪಾಯಿತೆಂದು ತಿಳಿದು ಭುಜ ಮೇಲೆತ್ತಿ ಏಟಿಗೆ ಕಾದಳು. ನಾನು ಅವಳ ಕಿವಿಯ ಹತ್ತಿರ ಬಾಗಿದೆ.

"ವಾರ ಬ್ಯಾಡವ್ವ," ಎಂದೆ. "ಹೆಸರು ಒಂದೇ ಸಾಕು."